ಅಂಗಳದ ಕೊಳೆ ಕೆರೆಗೆ ಹರಿಯದಂತೆ ತಡೆಯುವುದು ಹೇಗೆ?

ಬಚ್ಚಲಿನ ನೀರು ಒಳಚರಂಡಿಯಲ್ಲಿ ಹರಿದು ಶುದ್ಧೀಕರಣ ಘಟಕ ಸೇರುತ್ತದೆ. ಬೀದಿ ಬದಿಯ ಮಳೆನೀರು ಚರಂಡಿಯ ದಾರಿ ಬೇರೆ. ಅಲ್ಲಿಗೆ ಇಳಿದ ನೀರು ಬಹುತೇಕ ಊರುಗಳಲ್ಲಿ ಸೋಸದೆ, ಶುದ್ಧ ಮಾಡದೆ ನೇರವಾಗಿ ಹಳ್ಳ, ಕೆರೆ, ನದಿಗೆ ಹೋಗುತ್ತದೆ. ಎರಡಕ್ಕೂ ಒಂದೇ ಕೊಳವೆ ಇರುವ ಹಳೆಯ ನಗರಗಳಲ್ಲಂತೂ ಜೋರು ಮಳೆಗೆ ಕೊಳವೆ ತುಂಬಿ, ಶೌಚದ ನೀರೂ ಸೇರಿ ಹೊಳೆಗೆ ಉಕ್ಕುತ್ತದೆ. ಕಾರ್ಖಾನೆಯ ಕೊಳವೆಯಾದರೆ ಬಾಯಿ ಎಲ್ಲಿದೆ ಎಂದು ಹುಡುಕಿ ಮುಚ್ಚಿಸಬಹುದು. ಸಾವಿರಾರು ಅಂಗಳಗಳಿಂದ ಚೂರುಚೂರಾಗಿ ಬರುವ ಕೊಳೆಯನ್ನು ಆಯಾ ಮನೆಯವರೇ ತಡೆಯಬೇಕು.

ಮೊದಲು, ಮಳೆಯಲ್ಲಿ ಹೊರಗೆ ನಿಂತು ನೋಡಿ

ಕೊಡೆ ಹಿಡಿದು ಮನೆಗೊಂದು ಸುತ್ತು ಬನ್ನಿ. ಚಾವಣಿಯ ನೀರು ಎಲ್ಲಿ ಬೀಳುತ್ತದೆ, ಎಲ್ಲಿಂದ ಬೀದಿಗೆ ನುಗ್ಗುತ್ತದೆ, ದಾರಿಯಲ್ಲಿ ಏನನ್ನು ಹೊತ್ತೊಯ್ಯುತ್ತದೆ ಎಂದು ಗಮನಿಸಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿ.ಮೀ. ಸುರಿದರೆ 2,500 ಲೀಟರ್. ಇಷ್ಟು ನೀರು ಕಾಂಕ್ರೀಟಿನ ಮೇಲೆ ಓಡಿದರೆ ಅಲ್ಲಿರುವ ಯಾವ ಕಸವೂ ಉಳಿಯುವುದಿಲ್ಲ.

ಪೊರಕೆಯಲ್ಲಿ ಮುಗಿಯುವ ಕೆಲಸಕ್ಕೆ ಪೈಪ್ ಹಿಡಿಯಬೇಡಿ

ಒಣಗಿದ್ದಾಗಲೇ ಗುಡಿಸಿ, ಬಾಚಿ ತೆಗೆಯಿರಿ. ಬಿಸಿಲಿನ ದಿನಗಳ ನಂತರದ ಮೊದಲ ಮಳೆಯಲ್ಲೇ ಕೊಳೆ ಹೆಚ್ಚಾಗಿ ತೊಳೆದು ಹೋಗುವುದರಿಂದ, ಮಳೆಯ ಮುನ್ನಾದಿನದ ಗುಡಿಸುವಿಕೆಗೆ ಬೆಲೆ ಜಾಸ್ತಿ. ತರಗೆಲೆ, ಕತ್ತರಿಸಿದ ಹುಲ್ಲು ನಿರುಪದ್ರವಿ ಎನಿಸುತ್ತವೆ, ಆದರೆ ನೀರಲ್ಲಿ ಕೊಳೆತಾಗ ಅವುಗಳಿಂದಲೂ ಪಾಚಿಗೆ ಆಹಾರವಾಗುವ ರಂಜಕ ಬಿಡುಗಡೆಯಾಗುತ್ತದೆ. ಅವನ್ನು ಗೊಬ್ಬರದ ಗುಂಡಿಗೆ ಹಾಕಿ. ಎಣ್ಣೆ ಸೋರಿದ ಜಾಗಕ್ಕೆ ಮರದ ಹೊಟ್ಟು ಇಲ್ಲವೇ ಮರಳು ಸುರಿದು, ಹೀರಿಕೊಂಡ ಮೇಲೆ ಬಾಚಿ ಚೀಲಕ್ಕೆ ತುಂಬಿ. ಸೋಪು ಹಾಕಿ ತೊಳೆದರೆ ಕಲೆ ಅಂಗಳದಿಂದ ಹೋಗುತ್ತದೆ, ಎಣ್ಣೆ ಕೆರೆಗೆ ಹೋಗುತ್ತದೆ.

ವಾಹನ

ತೊಳೆಯುವುದಿದ್ದರೆ ಹುಲ್ಲಿನ ಮೇಲೋ ಬರಿ ಮಣ್ಣಿನ ಮೇಲೋ ನಿಲ್ಲಿಸಿ, ಬಕೆಟ್ ನೀರಿನಲ್ಲಿ ತೊಳೆಯಿರಿ. ಕೊಳಕು ನೀರನ್ನು ಬಚ್ಚಲಿಗೆ ಸುರಿಯಿರಿ. ನೊರೆ ಬರಿಸುವ ರಾಸಾಯನಿಕಗಳು ಮೀನಿನ ಕಿವಿರನ್ನು ಹಾಳು ಮಾಡುತ್ತವೆ. ಡಬ್ಬಿಯ ಮೇಲೆ ‘ಜೈವಿಕವಾಗಿ ಕರಗುವುದು’ ಎಂದಿದ್ದರೂ ಅದು ಕರಗಲು ಸಮಯ ಬೇಕು, ಚರಂಡಿಯಿಂದ ಹಳ್ಳಕ್ಕೆ ಕೆಲವೊಮ್ಮೆ ಕೆಲವೇ ನಿಮಿಷಗಳ ದಾರಿ.

ಟೈರಿನ ಪುಡಿಯೂ ಸಣ್ಣ ವಿಷಯವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಗರದ ತೊರೆಗಳಲ್ಲಿ, ಮೊಟ್ಟೆಯಿಡಲು ಬಂದ ಕೋಹೊ ಸಾಲ್ಮನ್ ಮೀನುಗಳು ಮಳೆಯ ನಂತರ ಸಾಯುತ್ತಿದ್ದವು. ಟೈರ್ ಬಿರಿಯದಿರಲೆಂದು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ಓಜೋನ್ ಜೊತೆ ವರ್ತಿಸಿ ಹುಟ್ಟುವ ವಸ್ತುವೇ ಇದಕ್ಕೆ ಕಾರಣ ಎಂದು 2020ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಟೈರಿನ ಗಾಳಿ ಸರಿಯಾಗಿದ್ದರೆ ಸವೆತ ಕಡಿಮೆ, ವಾಹನ ಕಡಿಮೆ ಓಡಿಸಿದರೆ ಇನ್ನೂ ಕಡಿಮೆ.

ಗೊಬ್ಬರ, ಬಣ್ಣ, ಸಿಮೆಂಟು

ಜೋರು ಮಳೆಯ ಸೂಚನೆ ಇದ್ದಾಗ ಗೊಬ್ಬರ, ಕೀಟನಾಶಕ ಹಾಕಲೇಬೇಡಿ. ಕೊಚ್ಚಿಹೋದ ಸಾರಜನಕ ಮತ್ತು ರಂಜಕ ತಿಂದು ಕೆರೆಯಲ್ಲಿ ಪಾಚಿ ಹಬ್ಬುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಕಾಂಕ್ರೀಟಿನ ಮೇಲೆ ಚೆಲ್ಲಿದ ಗೊಬ್ಬರದ ಹರಳುಗಳನ್ನು ಗುಡಿಸಿ ಗಿಡದ ಬುಡಕ್ಕೇ ಹಾಕಿ. ನಾಯಿಯ ಮಲವನ್ನು ಅಂದಂದೇ ತೆಗೆಯಿರಿ, ಅದರ ಬ್ಯಾಕ್ಟೀರಿಯಾ ಮಕ್ಕಳು ಆಡುವ ನೀರಿಗೇ ಸೇರುತ್ತದೆ.

ನೀರಿನಲ್ಲಿ ಕರಗುವ ಬಣ್ಣದ ಬ್ರಷ್ಷನ್ನು ಒಳಚರಂಡಿಗೆ ಸಂಪರ್ಕವಿರುವ ಸಿಂಕಿನಲ್ಲಿ ತೊಳೆಯಬಹುದು. ಥಿನ್ನರ್, ಹಳೆಯ ಇಂಜಿನ್ ಆಯಿಲ್ ಎಲ್ಲಿಗೂ ಸುರಿಯುವಂಥವಲ್ಲ. ಮುಚ್ಚಳ ಬಿಗಿದು ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಸಿಮೆಂಟ್ ಕಲಸಿದ ಬಾಣಲಿ ತೊಳೆದ ನೀರು ತೀವ್ರ ಕ್ಷಾರ, ಅದೂ ಚರಂಡಿಗೆ ಬೇಡ. ಮನೆ ಕೆಲಸ ನಡೆಯುತ್ತಿದ್ದರೆ ಮಣ್ಣು, ಮರಳಿನ ರಾಶಿಗೆ ಟಾರ್ಪಾಲು ಹೊದಿಸಿ.

ನೀರನ್ನು ನಿಮ್ಮ ನೆಲದಲ್ಲೇ ಇಂಗಿಸಿ

ಒಂದೇ ಕೆಲಸಕ್ಕೆ ಬಿಡುವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಓಡುವ ನೀರೇ ಇಲ್ಲದಿದ್ದರೆ ಕೊಳೆ ಹೊತ್ತೊಯ್ಯುವವರೇ ಇಲ್ಲ. ಚಾವಣಿಯ ಕೊಳವೆಯ ಬಾಯಿಯನ್ನು ಕಾಂಕ್ರೀಟಿನಿಂದ ತೋಟದತ್ತ ತಿರುಗಿಸಿ. ಜಾಗವಿದ್ದರೆ ಮಳೆತೋಟ ಮಾಡಿ: ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರದಲ್ಲಿ, 15 ಸೆಂಟಿಮೀಟರಿನಷ್ಟು ಆಳದ, ತಟ್ಟೆಯಾಕಾರದ ತಗ್ಗು. ಬಾವಿ, ಶೌಚಗುಂಡಿಯ ಹತ್ತಿರವಾಗಲೀ ಕಡಿದಾದ ಇಳಿಜಾರಿನಲ್ಲಾಗಲೀ ಬೇಡ.

ಅಗೆಯುವ ಮುನ್ನ ಮಣ್ಣನ್ನು ಪರೀಕ್ಷಿಸಿ. 30 ಸೆಂ.ಮೀ. ಆಳದ ಗುಳಿ ತೋಡಿ, ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೆಯ ಸಲವೂ ಒಂದು ದಿನದೊಳಗೆ ಇಂಗಿದರೆ ಜಾಗ ಸರಿ. ಇಂಗದಿದ್ದರೆ ಬೇರೆ ಮೂಲೆ ಹುಡುಕಿ. ನೀರು ನಿಲ್ಲುವುದನ್ನೂ ಒಣಗುವುದನ್ನೂ ತಾಳುವ, ಆಳಕ್ಕೆ ಬೇರು ಬಿಡುವ ಸ್ಥಳೀಯ ಗಿಡಗಳನ್ನೇ ನೆಡಿ. ಸೊಳ್ಳೆಯ ಭಯ ಬೇಡ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಸರಿಯಾಗಿ ಮಾಡಿದ ತಗ್ಗಿನಲ್ಲಿ ನೀರು ಎರಡು ದಿನವೂ ನಿಲ್ಲುವುದಿಲ್ಲ. ತುಂಬಿ ಹೆಚ್ಚಾದ ನೀರು ನಿಮ್ಮ ಗೋಡೆಯತ್ತಲೋ ಪಕ್ಕದ ಮನೆಯವರ ಅಂಗಳಕ್ಕೋ ನುಗ್ಗದಂತೆ ಒಂದು ಕಡೆ ಅಂಚು ತಗ್ಗಿಸಿ, ಅಲ್ಲಿ ಕಲ್ಲು ಜೋಡಿಸಿ.