ಚಂದ್ರನ ವೃದ್ಧಿ ಕ್ಷಯಗಳನ್ನು ಕಣ್ಣಾರೆ ಕಂಡುಕೊಳ್ಳುವ ಬಗೆ

ಚಂದ್ರನು ದಿನದಿನಕ್ಕೆ ಬೆಳೆಯುವುದೂ ಸವೆಯುವುದೂ ಭೂಮಿಯ ನೆರಳು ಅವನ ಮೇಲೆ ಬೀಳುವುದರಿಂದ ಎಂದು ನಂಬಿರುವವರು ಓದಿದವರಲ್ಲೂ ಬಹಳ ಮಂದಿ ಇದ್ದಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ದೂರದರ್ಶಕವೇನೂ ಬೇಕಾಗಿಲ್ಲ. ಒಂದು ಬಿಳಿಯ ಟೇಬಲ್ ಟೆನಿಸ್ ಚೆಂಡು, ತಿಥಿ ಬರೆದಿರುವ ಗೋಡೆ ಕ್ಯಾಲೆಂಡರ್ ಮತ್ತು ಮೋಡವಿಲ್ಲದ ಆಕಾಶ ಇದ್ದರೆ ಸಾಕು. ಮಳೆಗಾಲ ಕಳೆದ ಮೇಲೆ ಆರಂಭಿಸುವುದು ಒಳ್ಳೆಯದು.

ಮೊದಲನೆಯ ಪರೀಕ್ಷೆಯನ್ನು ರಾತ್ರಿಯಲ್ಲ, ಬೆಳಿಗ್ಗೆ ಮಾಡಬೇಕು. ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ತಾರಸಿಗೆ ಹೋದರೆ, ಸೂರ್ಯನು ಪೂರ್ವದಲ್ಲಿ ಮೇಲೇರಿರುವಾಗಲೇ ಪಶ್ಚಿಮದ ಕಡೆ ಮಸುಕಾದ ಅರ್ಧಚಂದ್ರನು ಕಾಣುತ್ತಾನೆ. ಬಿಸಿಲಿನಲ್ಲಿ ನಿಂತು, ಚೆಂಡನ್ನು ಎರಡು ಬೆರಳುಗಳ ತುದಿಯಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ ಅದನ್ನು ಚಂದ್ರನ ಪಕ್ಕಕ್ಕೆ ತನ್ನಿ; ನಿಮ್ಮ ತಲೆಯ ನೆರಳಾಗಲಿ ಗೋಡೆಯ ನೆರಳಾಗಲಿ ಚೆಂಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಚೆಂಡಿನ ಯಾವ ಮಗ್ಗುಲು ಬೆಳಗಿದೆಯೋ ಚಂದ್ರನದೂ ಅದೇ ಮಗ್ಗುಲು ಬೆಳಗಿರುತ್ತದೆ, ಬೆಳಕು ಕತ್ತಲೆಗಳ ನಡುವಿನ ಗಡಿಯೂ ಎರಡರಲ್ಲಿ ಒಂದೇ ಓರೆಯಲ್ಲಿರುತ್ತದೆ. ಚೆಂಡಿನ ಕತ್ತಲ ಭಾಗವು ಬೇರೆ ಯಾವುದರ ನೆರಳೂ ಅಲ್ಲ, ಬಿಸಿಲು ತಲುಪದ ಅದರದೇ ಬೆನ್ನು. ಸೂರ್ಯ ಚಂದ್ರರಿಬ್ಬರೂ ಹೀಗೆ ಒಟ್ಟಿಗೆ ಕಣ್ಣೆದುರಿಗಿರುವಾಗ ಭೂಮಿಯು ಅವರ ನಡುವೆ ಬಂದಿರಲು ಸಾಧ್ಯವೇ ಇಲ್ಲ.

ಚಂದ್ರಗೋಲದ ಅರ್ಧ ಭಾಗ, ಗ್ರಹಣದ ಹೊತ್ತನ್ನು ಬಿಟ್ಟರೆ, ಸದಾ ಬಿಸಿಲಿನಲ್ಲಿರುತ್ತದೆ. ಆ ಅರ್ಧದಲ್ಲಿ ನಮ್ಮ ಕಣ್ಣಿಗೆ ಬೀಳುವ ಪಾಲು ಎಷ್ಟೆಂಬುದನ್ನು ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನವು ನಿರ್ಧರಿಸುತ್ತದೆ. ಇದನ್ನು ಅಳೆಯಲು ಮುಷ್ಟಿಯೇ ಸಾಧನ: ತೋಳು ಚಾಚಿದಾಗ ಮುಷ್ಟಿಯ ಅಗಲವು ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮುಚ್ಚುತ್ತದೆ. ಶುಕ್ಲಪಕ್ಷದ ಬಿದಿಗೆಯಿಂದ ಪ್ರತಿ ಸಂಜೆ, ಸೂರ್ಯನು ಮುಳುಗುವ ವೇಳೆಗೆ, ಅವನಿಂದ ಚಂದ್ರನವರೆಗೆ ಎಷ್ಟು ಮುಷ್ಟಿಗಳೆಂದು ಎಣಿಸಿ, ಪಕ್ಕದಲ್ಲಿ ಚಂದ್ರನ ಚಿತ್ರ ಬರೆದಿಡಿ. ಬಿದಿಗೆಯಂದು ಎರಡು ಮುಷ್ಟಿಯಷ್ಟು, ಚೌತಿಗೆ ನಾಲ್ಕರಷ್ಟು, ಅಷ್ಟಮಿಗೆ ಒಂಬತ್ತರಷ್ಟು ಬರುತ್ತದೆ.

ಇಲ್ಲಿ ಕ್ಯಾಲೆಂಡರಿನ ಕಡೆ ತಿರುಗಿ ನೋಡಿದರೆ, ಪೂಜೆ ವ್ರತಗಳಿಗಷ್ಟೇ ಬೇಕಾದುದೆಂದು ನಾವು ಬದಿಗಿರಿಸುವ ತಿಥಿಯು ಇದೇ ಕೋನದ ಲೆಕ್ಕವೆಂಬುದು ತಿಳಿಯುತ್ತದೆ. ಕೋನವು 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ ಕಳೆಯಿತು. ಮೂವತ್ತು ತಿಥಿಗೆ 360 ಡಿಗ್ರಿ, ಅಂದರೆ ಸುಮಾರು 29.5 ದಿನಗಳ ಒಂದು ಚಾಂದ್ರಮಾಸ. ಚಂದ್ರನ ವೇಗ ಒಂದೇ ಸಮನಾಗಿರದ ಕಾರಣ ತಿಥಿಯ ಅವಧಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹೆಚ್ಚು ಕಡಿಮೆಯಾಗುತ್ತದೆ. ತಿಥಿ ಲೋಪವಾಗುವುದೂ ಒಂದೇ ತಿಥಿ ಎರಡು ದಿನ ಸೂರ್ಯೋದಯಕ್ಕೆ ಸಿಗುವುದೂ ಇದರಿಂದಲೇ.

ನೀವು ಬರೆದಿಟ್ಟ ಚಿತ್ರಗಳನ್ನು ಸಾಲಾಗಿ ನೋಡಿದಾಗ, ಕೋನವು ಹೆಚ್ಚುಕಡಿಮೆ ಸಮನಾಗಿ ಬೆಳೆದರೂ ಬೆಳಕು ಹಾಗೆ ಬೆಳೆದಿಲ್ಲವೆಂಬುದು ಎದ್ದು ಕಾಣುತ್ತದೆ. ಪಂಚಮಿ ಮುಗಿಯುವಾಗ ಬಿಂಬದ ಕಾಲು ಭಾಗ ಮಾತ್ರ ಬೆಳಗಿದ್ದು, ಏಕಾದಶಿ ಹುಟ್ಟುವಷ್ಟರಲ್ಲಿ ಮುಕ್ಕಾಲು ಭಾಗ ತುಂಬಿರುತ್ತದೆ. ಹುಣ್ಣಿಮೆಯ ಹಿಂದು ಮುಂದಿನ ದಿನಗಳಲ್ಲಾದರೋ ವ್ಯತ್ಯಾಸವನ್ನು ಹೇಳುವುದೇ ಕಷ್ಟ.

ಮೂಡುವ ಹೊತ್ತನ್ನೂ ಗುರುತು ಮಾಡಿಕೊಳ್ಳಿ. ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ಎದುರಾಗಿರುವುದರಿಂದ ಸೂರ್ಯಾಸ್ತದ ವೇಳೆಗೆ ಮೂಡುತ್ತಾನೆ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾನೆ. ಸಂಕಷ್ಟಿಯ ಉಪವಾಸವಿರುವವರು ಚಂದ್ರದರ್ಶನಕ್ಕೆ ರಾತ್ರಿ ಒಂಬತ್ತರ ಆಸುಪಾಸಿನವರೆಗೆ ಕಾಯಬೇಕಾಗುವುದೂ ಈ ಲೆಕ್ಕದಿಂದಲೇ.

ಉತ್ತರದ ದೇಶಗಳ ಪುಸ್ತಕಗಳಲ್ಲಿ ನೆಟ್ಟಗೆ ನಿಂತಿರುವ ಬಿದಿಗೆಯ ಚಂದ್ರನು ಕರ್ನಾಟಕದಲ್ಲಿ, ಅದರಲ್ಲೂ ಫೆಬ್ರುವರಿ ಮಾರ್ಚ್ ಸಂಜೆಗಳಲ್ಲಿ, ದೋಣಿಯಂತೆ ಅಂಗಾತ ಮಲಗಿರುತ್ತಾನೆ. ನಿಮ್ಮ ಚಿತ್ರ ಪುಸ್ತಕದಂತಿಲ್ಲವೆಂದು ತಿದ್ದಬೇಡಿ. ಬೆಳಗಿದ ಅಂಚು ಯಾವಾಗಲೂ ಸೂರ್ಯನ ಕಡೆಗಿರುತ್ತದೆ, ಮತ್ತು ನಮ್ಮಲ್ಲಿ ಆ ಸಂಜೆಗಳಲ್ಲಿ ಸೂರ್ಯನು ಹೆಚ್ಚುಕಡಿಮೆ ಚಂದ್ರನ ನೇರ ಕೆಳಗೇ ಮುಳುಗಿರುತ್ತಾನೆ.

ಭೂಮಿಯ ನೆರಳು ನಿಜಕ್ಕೂ ಹೇಗಿರುತ್ತದೆಂದು ನೋಡಬೇಕಾದರೆ ಚಂದ್ರಗ್ರಹಣಕ್ಕೇ ಕಾಯಬೇಕು. 2025ರ ಸೆಪ್ಟೆಂಬರ್ 7ರ ರಾತ್ರಿ ಹತ್ತರ ಸುಮಾರಿಗೆ ಹಿಡಿದ ನೆರಳು ಒಂದೂವರೆಯೊಳಗೆ ಪೂರ್ತಿ ಬಿಟ್ಟುಹೋಗಿತ್ತು. ಅದರ ಅಂಚು ಉದ್ದಕ್ಕೂ ಬಾಗಿದ ಕಮಾನೇ ಹೊರತು ಅಷ್ಟಮಿಯ ಚಂದ್ರನಲ್ಲಿರುವಂತಹ ನೇರ ಗೆರೆಯಲ್ಲ. ಚಂದ್ರನ ಪಥವು ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಬಹುತೇಕ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಕ್ಕೋ ಕೆಳಕ್ಕೋ ಹಾದುಹೋಗುತ್ತಾನೆ.

ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದನ್ನು ಹುಣ್ಣಿಮೆಗೆಂದು ಎತ್ತಿಡಬೇಡಿ. ಅಂದು ಬಿಸಿಲು ನೇರವಾಗಿ ಬಿದ್ದು ಚಂದ್ರನ ಕುಳಿಗಳೆಲ್ಲ ಚಪ್ಪಟೆಯಾಗಿ ತೋರುತ್ತವೆ. ಷಷ್ಠಿಯಿಂದ ದಶಮಿಯವರೆಗಿನ ಸಂಜೆಗಳಲ್ಲಿ, ಮೊಣಕೈಗಳನ್ನು ತಾರಸಿಯ ಕಟ್ಟೆಗೆ ಊರಿ, ಬೆಳಕು ಕತ್ತಲೆಗಳ ಗಡಿಯನ್ನೇ ನೋಡಿ. ಅಲ್ಲಿ ಓರೆ ಬಿಸಿಲಿಗೆ ಕುಳಿಗಳ ಅಂಚುಗಳು ಉದ್ದುದ್ದ ನೆರಳು ಚೆಲ್ಲಿರುತ್ತವೆ.