ಮನೆ ಮೇಲೆ ಬಾವುಟ: ಹಾರಿಸುವುದು, ಇಳಿಸುವುದು, ಮಡಿಸಿಡುವುದು ಹೇಗೆ?

ಆಗಸ್ಟ್ 15 ಬಂತೆಂದರೆ ಬಾವುಟ ಹಾರಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಇಳಿಸುವುದು ಮಾತ್ರ ಎಷ್ಟೋ ಮನೆಗಳಲ್ಲಿ ಮರೆತೇ ಹೋಗುತ್ತದೆ. ದೀಪಾವಳಿ ಹೊತ್ತಿಗೂ ಟೆರೇಸಿನಲ್ಲಿ ಬಣ್ಣ ಮಾಸಿ, ಅಂಚು ನೂಲುನೂಲಾಗಿ ನೇತಾಡುವ ಬಾವುಟ ಕಂಡರೆ ಸಂಕಟವಾಗುತ್ತದೆ.

ಕೊಳ್ಳುವಾಗಲೇ ನೋಡಿ ಕೊಳ್ಳಿ. ಗಾತ್ರ ಯಾವುದಾದರೂ ಉದ್ದ, ಅಗಲ 3:2 ಇರಬೇಕು. ಚಕ್ರದ ಗೆರೆ ಎಣಿಸಿ, 24 ಇರಬೇಕು. ರಾಷ್ಟ್ರಧ್ವಜ ಬಳಸುವ ನಿಯಮಗಳ ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶವಿದೆ. ಆದರೂ ಖಾದಿಯದು ಸಿಕ್ಕರೆ ಅದನ್ನೇ ಕೊಳ್ಳಿ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ಬಾವುಟ ಹೊಲಿಯುವುದೇ ಎಷ್ಟೋ ಹೆಣ್ಣುಮಕ್ಕಳ ದುಡಿಮೆ.

ಏರಿಸುವಾಗ ಕೇಸರಿ ಮೇಲಿದೆಯಾ ಎಂದು ಹಗ್ಗ ಕಟ್ಟುವ ಮೊದಲೇ ನೋಡಿಕೊಳ್ಳಿ. ಚುರುಕಾಗಿ ಏರಿಸಬೇಕು, ನಿಧಾನವಾಗಿ ಇಳಿಸಬೇಕು. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ ಕೇಸರಿ ನೋಡುವವರ ಎಡಕ್ಕೆ ಬರಬೇಕು. ಒಳಗೆ ಹೂವಿನ ಪಕಳೆ ಇಟ್ಟು ಬಿಚ್ಚಬಹುದು, ಕಂಬದ ತುದಿಗೆ ಹಾರ ಹಾಕುವಂತಿಲ್ಲ. ಬಾವುಟದ ಮೇಲೆ ಏನನ್ನೂ ಬರೆಯಬಾರದು, ಅದು ನೆಲಕ್ಕೂ ತಾಗಬಾರದು.

ರಾಜ್ಯೋತ್ಸವ ಮಾಡುವವರು ಇದನ್ನು ಗಮನಿಸಿ: ನಮ್ಮ ಹಳದಿ-ಕೆಂಪು ಬಾವುಟವನ್ನು ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ, ಅದರ ಪಕ್ಕಕ್ಕೇ ಸಮನಾಗಿಯಾಗಲಿ ಕಟ್ಟುವಂತಿಲ್ಲ. ಒಂದೇ ಕಂಬಕ್ಕಂತೂ ಬೇಡವೇ ಬೇಡ.

2022ರ ಜುಲೈನಿಂದ ಮನೆ ಮೇಲೆ ಹಗಲು ರಾತ್ರಿ ಬಾವುಟ ಇರಬಹುದು. ಹಾಗಂತ ಹರಿದದ್ದು, ಮಾಸಿದ್ದು ಹಾರಬಾರದು. ಆಗಾಗ ಟೆರೇಸಿಗೆ ಹೋಗಿ ನೋಡಿ. ಮಳೆಗಾಲದಲ್ಲಿ ಅಂಚು ಬೇಗ ಬಿಡುತ್ತದೆ.

ಇಳಿಸಿದ ಮೇಲೆ ಮುದ್ದೆ ಮಾಡಿ ಕಪಾಟಿಗೆ ತುರುಕಬೇಡಿ. ಇಬ್ಬರು ಹಿಡಿದರೆ ಸುಲಭ. ಬಾವುಟವನ್ನು ಅಡ್ಡಲಾಗಿ ಚಾಚಿ ಹಿಡಿಯಿರಿ. ಕೇಸರಿ, ಹಸಿರು ಪಟ್ಟಿ ಎರಡನ್ನೂ ಬಿಳಿಯ ಅಡಿಗೆ ಮಡಿಸಿ. ಈಗ ಬಿಳಿಯೊಂದೇ ಕಾಣುತ್ತದೆ. ಆಮೇಲೆ ಎರಡೂ ತುದಿಗಳನ್ನು ಚಕ್ರದ ಕಡೆಗೆ ಮಡಿಸುತ್ತಾ ಬನ್ನಿ. ಚಕ್ರ, ಜೊತೆಗೆ ಚೂರು ಕೇಸರಿ, ಚೂರು ಹಸಿರು ಕಂಡರೆ ಸರಿಯಾಗಿದೆ. ಅಂಗೈ ಮೇಲಿಟ್ಟುಕೊಂಡು ಹೋಗಿ ಒಣ ಜಾಗದಲ್ಲಿಡಿ.

ಹರಿದುಹೋಗಿದ್ದರೆ ಕಸದ ಗಾಡಿಗೆ ಹಾಕಬೇಡಿ, ಒರೆಸುವ ಬಟ್ಟೆಯನ್ನಂತೂ ಮಾಡಲೇಬೇಡಿ. ಯಾರೂ ನೋಡದ ಕಡೆ, ಇಡಿಯಾಗಿ, ಗೌರವದಿಂದ ನಾಶ ಮಾಡಬೇಕು, ಸುಡುವುದು ಉತ್ತಮ ಎನ್ನುತ್ತದೆ ಧ್ವಜ ಸಂಹಿತೆ. ಬೇಕೆಂದೇ ಅವಮಾನ ಮಾಡಿದರೆ ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲಾಗಬಹುದು. ಮಕ್ಕಳು ಶಾಲೆಯಿಂದ ತರುವ ಕಾಗದದ ಬಾವುಟವನ್ನೂ ರಸ್ತೆಯಲ್ಲಿ ಬಿಸಾಡುವಂತಿಲ್ಲ. ಸಂಜೆ ಅವರ ಕೈಯಿಂದ ಅದನ್ನು ಇಸಿದುಕೊಂಡು ಎತ್ತಿಡಿ.