ಇಂಗ್ಲಿಷ್ ಲಿಟರೇಚರ್ ಜೊತೆ ಹಿಸ್ಟರಿ ತಗೊಂಡಿದ್ದೀರಾ? ಹೀಗೆ ಓದಿ ನೋಡಿ

ಈ ಕಾಂಬಿನೇಷನ್ ತಗೊಂಡೋರಿಗೆ ಎಲ್ರೂ ಹೆದರಿಸೋದು ಒಂದೇ ಮಾತು ಹೇಳಿ, ಸಿಕ್ಕಾಪಟ್ಟೆ ಓದ್ಬೇಕಪ್ಪಾ ಅಂತ. ಓದ್ಬೇಕು ನಿಜ. ಆದ್ರೆ ನಿಜವಾಗ್ಲೂ ತಲೆ ಕೆಡೋದು ಬೇರೆ ಕಡೆ, ಒಂದೇ ನಾಟಕ ಒಂದೇ ಕಾದಂಬರಿ ಇಟ್ಕೊಂಡು ಎರಡು ಡಿಪಾರ್ಟ್‌ಮೆಂಟ್‌ನೋರು ಎರಡು ಥರ ಪ್ರಶ್ನೆ ಕೇಳ್ತಾರೆ, ಬೆಳಗ್ಗೆ ಲಿಟರೇಚರ್ ಕ್ಲಾಸಲ್ಲಿ ಭೇಷ್ ಅನ್ನಿಸ್ಕೊಂಡ ವಾದಕ್ಕೆ ಮಧ್ಯಾಹ್ನ ಹಿಸ್ಟರಿ ಮೇಷ್ಟ್ರು "ಇದಕ್ಕೆ ಆಧಾರ ಎಲ್ಲಿದೆ" ಅಂತಾರೆ. ಇದು ಶುರುವಲ್ಲೇ ಅರ್ಥ ಆದ್ರೆ ಮುಂದಿನದು ಅರ್ಧ ಹಗುರ.

ಮೊದಲು ಪೇಪರ್ ಆರಿಸೋ ವಿಷ್ಯ. ಆಪ್ಷನಲ್ ಇದ್ರೆ ಎರಡೂ ಕಡೆ ಒಂದೇ ಕಾಲ ಬರೋ ಹಾಗೆ ನೋಡ್ಕೊಳ್ಳಿ. ವಿಕ್ಟೋರಿಯನ್ ಕಾದಂಬರಿ ತಗೊಂಡ್ರೆ ಹಿಸ್ಟರಿಯಲ್ಲಿ 19ನೇ ಶತಮಾನದ ಬ್ರಿಟನ್ನೋ ಕೈಗಾರಿಕಾ ಕ್ರಾಂತಿಯೋ ತಗೊಳ್ಳಿ, ಷೇಕ್ಸ್‌ಪಿಯರ್ ಇದ್ದ ಸೆಮಿಸ್ಟರಲ್ಲೇ ಟ್ಯೂಡರ್ ರಾಜಮನೆತನದ ಕಾಲ ಸಿಕ್ಕಿದ್ರಂತೂ ಬಿಡ್ಲೇಬೇಡಿ. ಒಂದು ಕಡೆ ಓದಿದ್ದು ಇನ್ನೊಂದು ಕಡೆ ತಾನಾಗೇ ಉಪಯೋಗಕ್ಕೆ ಬರತ್ತೆ. ಹಾಗಂತ ಪೂರ್ತಿ ಡಿಗ್ರಿ ಒಂದೇ ಶತಮಾನದಲ್ಲಿ ಕೂತ್ಬಿಡ್ಬೇಡಿ, ಒಂದಾದ್ರೂ ಪೇಪರ್ ದೂರದ ಕಾಲದ್ದು ಇರ್ಲಿ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಎರಡು ಸಬ್ಜೆಕ್ಟಿನ ಪ್ರಶ್ನೆ ಹೇಗೆ ಬೇರೆ ಅಂತ ತೋರಿಸೋಕೆ ಇಂಗ್ಲೆಂಡಿನ ಮೂರನೇ ರಿಚರ್ಡ್ ರಾಜನೇ ಸಾಕು. ಷೇಕ್ಸ್‌ಪಿಯರ್ 1590ರ ದಶಕದ ಶುರುವಲ್ಲಿ ಬರೆದ ನಾಟಕದಲ್ಲಿ ಅವನಿಗೆ ಗೂನು ಬೆನ್ನು, ಸೊರಗಿದ ಕೈ, ಮೈಯೆಲ್ಲಾ ಕುತಂತ್ರ. ನಿಜವಾದ ರಿಚರ್ಡ್ 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಸತ್ತ, ಗೆದ್ದೋನು ಹೆನ್ರಿ ಟ್ಯೂಡರ್, ಅವನ ಮೊಮ್ಮಗಳು ಎಲಿಜಬೆತ್ ಸಿಂಹಾಸನದಲ್ಲಿ ಇರೋವಾಗ ಈ ನಾಟಕ ಬಂದಿದ್ದು. ಷೇಕ್ಸ್‌ಪಿಯರ್‌ಗೆ ಸಾಮಗ್ರಿ ಸಿಕ್ಕಿದ್ದು ಹಾಲಿನ್‌ಶೆಡ್ ಹೆಸರಲ್ಲಿ ಬಂದ ಕ್ರಾನಿಕಲ್, ಅಂದ್ರೆ ಇತಿಹಾಸದ ಪುಸ್ತಕದಿಂದ, ಅದರ ಹಿಂದೆ ಥಾಮಸ್ ಮೋರ್ ಬರೆದದ್ದು ಇದೆ, ಎಲ್ಲವೂ ಟ್ಯೂಡರ್ ಆಳ್ವಿಕೆಯಲ್ಲಿ ಹುಟ್ಟಿದ್ದೇ. ಆಮೇಲೆ 2012ರಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಅವನ ಅಸ್ಥಿಪಂಜರ ಸಿಕ್ತು, ನೋಡಿದ್ರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ಹೌದು, ಸೊರಗಿದ ಕೈ ಅನ್ನೋದಕ್ಕೆ ಮಾತ್ರ ಯಾವ ಗುರುತೂ ಇಲ್ಲ.

ಹಿಸ್ಟರಿ ಪೇಪರಲ್ಲಿ ನಿಮ್ಮ ಕೆಲಸ ಏನಪ್ಪಾ ಅಂದ್ರೆ ಇದನ್ನ ಯಾರು ಬರೆದ್ರು, ಯಾವಾಗ, ಯಾರ ಆಸರೆಯಲ್ಲಿದ್ದು, ಇದ್ರಿಂದ ಯಾರಿಗೆ ಲಾಭ ಅಂತ ಕೇಳೋದು. ಲಿಟರೇಚರ್ ಪೇಪರಲ್ಲಿ "ಇದೆಲ್ಲಾ ಸುಳ್ಳು" ಅಂತ ಬರೆದು ಕೈ ತೊಳ್ಕೊಂಡ್ರೆ ಮಾರ್ಕ್ಸ್ ಬರಲ್ಲ, ಅಲ್ಲಿ ಕೇಳೋದು ಈ ಖಳ ಮೊದಲ ಸಾಲಿಂದಾನೇ ನೇರ ಪ್ರೇಕ್ಷಕರ ಹತ್ರ ಯಾಕೆ ಮಾತಾಡ್ತಾನೆ, ಅವನು ಕೊಲೆ ಪ್ಲಾನ್ ಮಾಡ್ತಿದ್ರೂ ನಾವು ಅವನ ಜೊತೆ ಯಾಕೆ ನಗ್ತೀವಿ ಅಂತ. ಹಾಗಾದ್ರೆ ಹಿಸ್ಟರಿಯಲ್ಲಿ ನಾಟಕಾನ ಬಳಸ್ಲೇಬಾರ್ದಾ? ಬಳಸ್ಬಹುದು, ಆದ್ರೆ ರಿಚರ್ಡ್ ಪಟ್ಟಕ್ಕೆ ಬಂದ 1483ರಲ್ಲಿ ಏನಾಯ್ತು ಅನ್ನೋದಕ್ಕೆ ಆಧಾರವಾಗಿ ಅಲ್ಲ, 1590ರ ದಶಕದ ಲಂಡನ್ ಜನಕ್ಕೆ ಹಳೇ ರಾಜರ ಕಥೆ ಯಾವ ರೂಪದಲ್ಲಿ ಸಿಗ್ತಿತ್ತು ಅನ್ನೋದಕ್ಕೆ. ಈ ಒಂದು ವ್ಯತ್ಯಾಸ ಹಿಡ್ಕೊಂಡ್ರೆ ಬೇರೆ ಯಾವ ಕೃತಿಗೂ ಇದೇ ದಾರಿ.

ನೋಟ್ಸ್ ಮಾಡೋವಾಗ ಪ್ರತಿ ಕೃತಿ ಪಕ್ಕ ಎರಡು ಇಸವಿ ಬರ್ಕೊಳ್ಳಿ, ಬರೆದದ್ದು ಯಾವಾಗ, ಅಚ್ಚಾಗಿದ್ದು ಯಾವಾಗ. 1819ರ ಆಗಸ್ಟ್ 16ಕ್ಕೆ ಮ್ಯಾಂಚೆಸ್ಟರಲ್ಲಿ ಮತದಾನದ ಹಕ್ಕು ಕೇಳೋಕೆ ಸೇರಿದ್ದ ಜನರ ಮೇಲೆ ಕುದುರೆ ಪಡೆ ನುಗ್ಗಿತು, ಪೀಟರ್‌ಲೂ ಹತ್ಯಾಕಾಂಡ ಅಂತಾರಲ್ಲ ಅದು. ಇಟಲಿಯಲ್ಲಿದ್ದ ಇಂಗ್ಲಿಷ್ ಕವಿ ಷೆಲ್ಲಿ ಸುದ್ದಿ ಕೇಳಿ 'ದಿ ಮಾಸ್ಕ್ ಆಫ್ ಅನಾರ್ಕಿ' ಬರೆದ, ಆದ್ರೆ ಅಚ್ಚಾಗಿದ್ದು 1832ರಲ್ಲಿ, ಅವನು ಸತ್ತು ಹತ್ತು ವರ್ಷ ಆದ್ಮೇಲೆ. 1819ರಲ್ಲಿ ಈ ಪದ್ಯ ಜನರನ್ನ ಬಡಿದೆಬ್ಬಿಸ್ತು ಅಂತ ಬರೆದ್ರೆ ಎಸ್ಸೇ ಅಲ್ಲೇ ಕುಸೀತು.

ಓದೋ ರೀತಿ ಕೂಡ ಬೇರೆ ಬೇರೆ ಇಟ್ಕೊಳ್ಳಿ. ಹಿಸ್ಟರಿ ಪುಸ್ತಕನ ಮೊದಲ ಪುಟದಿಂದ ಕೊನೇವರೆಗೂ ಓದ್ತಾ ಕೂರೋಕೆ ಟೈಮ್ ಸಿಗಲ್ಲ, ಪೀಠಿಕೆ, ಕೊನೇ ಅಧ್ಯಾಯ, ಇಂಡೆಕ್ಸ್ ನೋಡಿ ಬೇಕಾದ ಭಾಗ, ಆಮೇಲೆ ಫುಟ್‌ನೋಟ್, ಅಷ್ಟೆ. ಕಾದಂಬರಿಗೆ ಈ ಆಟ ನಡೆಯಲ್ಲ, ಪೂರ್ತಿ ಓದ್ಲೇಬೇಕು, ಸಮ್ಮರಿ ಓದ್ಕೊಂಡು ಬಂದೋರು ಸೆಮಿನಾರಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತಾರೆ. ಮೂಲ ದಾಖಲೆಗಳಿಗೆ ದುಡ್ಡು ಕೊಡ್ಬೇಕಾಗಿಲ್ಲ, ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಆನ್‌ಲೈನಲ್ಲಿ ಫ್ರೀ, ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆಗಳೂ ಅಷ್ಟೆ.

ಬರೆಯೋವಾಗ ಎಡವೋದು ಸಣ್ಣ ವಿಷ್ಯಗಳಲ್ಲಿ. ಲಿಟರೇಚರ್ ಎಸ್ಸೇಲಿ ಕೃತಿ ಬಗ್ಗೆ ವರ್ತಮಾನ ಕಾಲದಲ್ಲಿ ಬರೀತಾರೆ, ಹಿಸ್ಟರೀಲಿ ಭೂತಕಾಲ. ಆಧಾರ ಕೊಡೋಕೆ ಲಿಟರೇಚರಲ್ಲಿ ಸಾಮಾನ್ಯವಾಗಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಸ್ಟೈಲು, ಹಿಸ್ಟರೀಲಿ ಹೆಚ್ಚಾಗಿ ಫುಟ್‌ನೋಟು, ನಿಮ್ಮ ಡಿಪಾರ್ಟ್‌ಮೆಂಟ್ ಏನು ಕೇಳತ್ತೆ ಅಂತ ಮೊದಲೇ ನೋಡ್ಕೊಳ್ಳಿ. ಇನ್ನು "ವಿಕ್ಟೋರಿಯನ್ ಕಾಲ ಬದಲಾವಣೆಯ ಕಾಲವಾಗಿತ್ತು" ಅನ್ನೋ ಥರದ ಮೊದಲ ಪ್ಯಾರಾ ಇರತ್ತಲ್ಲ, ದಯವಿಟ್ಟು ಅದನ್ನ ಹೊಡೆದುಹಾಕಿ, ಯಾವ ಕಾಲಕ್ಕೆ ಬೇಕಾದ್ರೂ ಒಪ್ಪೋ ಮಾತದು. ಎರಡೂ ಕಡೆ ಸಬ್‌ಮಿಷನ್ ಒಂದೇ ವಾರಕ್ಕೆ ಬೀಳತ್ತೆ, ಅವರವರು ಮಾತಾಡ್ಕೊಂಡಿರಲ್ಲ, ಸೆಮಿಸ್ಟರ್ ಶುರುವಲ್ಲೇ ತಾರೀಕೆಲ್ಲಾ ಒಂದೇ ಹಾಳೇಲಿ ಬರೆದು ಗೋಡೆಗೆ ಅಂಟಿಸಿ. ಬರೆದ ಎಸ್ಸೇನೇ ತಿರುಚಿ ಎರಡೂ ಕಡೆ ಕೊಡೋಕೆ ಹೋಗ್ಬೇಡಿ, ಸಿಕ್ಕಿಬೀಳ್ತೀರ.

ಡಿಸರ್ಟೇಷನ್, ಅಂದ್ರೆ ಗೈಡ್ ಕೈಕೆಳಗೆ ಬರೆಯೋ ಉದ್ದನೆ ಪ್ರಬಂಧ, ಅದಕ್ಕೆ ವಿಷ್ಯ ಆದಷ್ಟು ಚಿಕ್ಕದು ಹಿಡೀರಿ. ಪತ್ರಿಕೇಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳು ಈ ಕಾಂಬಿನೇಷನ್‌ಗೆ ಹೇಳಿ ಮಾಡಿಸಿದ ಹಾಗಿರ್ತವೆ. ಡಿಕನ್ಸ್ 1854ರ ಫೆಬ್ರವರಿಯಲ್ಲಿ ಪ್ರೆಸ್ಟನ್ ಊರಿನ ಮಿಲ್ ಕಾರ್ಮಿಕರ ಮುಷ್ಕರದ ಬಗ್ಗೆ ತನ್ನದೇ ವಾರಪತ್ರಿಕೆ 'ಹೌಸ್‌ಹೋಲ್ಡ್ ವರ್ಡ್ಸ್'ನಲ್ಲಿ ಲೇಖನ ಬರೆದ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅದೇ ಪತ್ರಿಕೇಲಿ 'ಹಾರ್ಡ್ ಟೈಮ್ಸ್' ಬಂತು. ಲೇಖನದಲ್ಲಿ ಕಾರ್ಮಿಕರ ಶಿಸ್ತು ಮೆಚ್ಕೊಂಡೋನು ಕಾದಂಬರೀಲಿ ಯೂನಿಯನ್ ನಾಯಕನ್ನ ಬರೀ ಬಾಯಿಬಡುಕನ ಥರ ಯಾಕೆ ತೋರಿಸ್ದ? ಈ ಒಂದು ಪ್ರಶ್ನೆ ಸಾಕು ಪೂರ್ತಿ ಡಿಸರ್ಟೇಷನ್‌ಗೆ, ಆ ತಿಂಗಳುಗಳ ಸಂಚಿಕೆ ತೆಗೆದು ಅಕ್ಕಪಕ್ಕದ ಲೇಖನಗಳನ್ನೂ ಓದಿ. ಗೈಡ್ ಎರಡೂ ಡಿಪಾರ್ಟ್‌ಮೆಂಟಿಂದ ಒಬ್ಬೊಬ್ರು ಸಿಗ್ತಾರಾ ಅಂತ ವಿಷ್ಯ ಫಿಕ್ಸ್ ಮಾಡೋಕೆ ಮುಂಚೆನೇ ವಿಚಾರಿಸಿ, ಆಮೇಲೆ ಕೇಳಿದ್ರೆ ಅವರ ಕೈ ತುಂಬಿರತ್ತೆ.